ಒಂದು ಗೇಣು ಎಡಕ್ಕೆ

ಬಂದೂಕು ನೇರವಾಗಿ ಹೊಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗೆಂದಾಗಲೆಲ್ಲ ಜನ ನನ್ನನ್ನು ಒಂದು ಥರಾ ನೋಡುತ್ತಾರೆ. ನೋಡಲಿ. ಮೃಗಾಲಯದ ಟಿಕೆಟ್ ಕಿಟಕಿಯ ಹಿಂದೆ ಕೂತೇ ತಲೆ ನೆರೆತವನು ನಾನು. ಎಷ್ಟೋ ಮಕ್ಕಳು ನನ್ನನ್ನೇ ಮೊದಲನೇ ಪ್ರಾಣಿ ಎಂದು ತಿಳಿದು ಸರಳಿನ ಸಂದಿಯಿಂದ ಬಿಸ್ಕತ್ತು ಚಾಚಿದ್ದುಂಟು. ನೋಡಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಆದರೆ ಪಾಲೀಶಪ್ಪನ ವಿಷಯ ತಿಳಿದ ಮೇಲೂ ನೀವು ಹಾಗೇ ನೋಡಿದರೆ, ನಿಮಗೂ ಒಂದು ನಮಸ್ಕಾರ.

ಪಾಲೀಶಪ್ಪ ನಮ್ಮ ಪಕ್ಕದ ಮನೆಯವನು. ಅದೇ ಮೃಗಾಲಯದಲ್ಲಿ ಬಂದೂಕಿನ ಕಾವಲುಗಾರ. ಯಾವುದಾದರೂ ಪ್ರಾಣಿ ತಪ್ಪಿಸಿಕೊಂಡು ಜನರ ಮೇಲೆ ಬಿದ್ದರೆ ಬೇಕಾದೀತೆಂದು ಅಲ್ಲಿ ಒಂದು ರೈಫಲ್ ಇಟ್ಟಿದ್ದರು, ಅದನ್ನು ಹಿಡಿಯಲು ಇವನನ್ನು ಇಟ್ಟಿದ್ದರು. ನಮ್ಮ ಪ್ರಾಣಿಗಳೋ, ಬಾಗಿಲು ತೆರೆದಿಟ್ಟರೂ ಮಗ್ಗುಲು ಬದಲಿಸಿ ಮಲಗುವಂಥವು. ಹಾಗಾಗಿ ಇವನಿಗೆ ಬಂದೂಕು ಉಜ್ಜುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಬೆಳಿಗ್ಗೆ ಬಂದವನೇ ಉಕ್ಕಿನ ಸರಳಿಗೆ ಚಿಂದಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ನಳಿಗೆಯ ಬಾಯಿಂದ ತೂರಿಸುತ್ತಿದ್ದ, ಎಳೆಯುತ್ತಿದ್ದ, ಮತ್ತೆ ತೂರಿಸುತ್ತಿದ್ದ. ಮಧ್ಯಾಹ್ನ ಊಟ ಮಾಡಿ ಬಂದು ಮತ್ತೊಂದು ಸುತ್ತು. ಮರದ ಹಿಡಿಗೆ ವರ್ಷಾ ವರ್ಷಾ ವಾರ್ನಿಷ್. ನಮ್ಮ ಬೀದಿಯ ಯಾವ ಕನ್ನಡಿಯೂ ಅಷ್ಟು ಹೊಳೆಯುತ್ತಿರಲಿಲ್ಲ. ಒಂದು ದಿನ ಅವನು ಬಂದೂಕಿನಲ್ಲೇ ಮುಖ ನೋಡಿಕೊಂಡು ಮೀಸೆ ಕತ್ತರಿಸಿದ್ದನ್ನು ನಾನೇ ಕಂಡಿದ್ದೇನೆ.

ಆ ಬಂದೂಕಿಗೆ ಅವನ ಹೆಂಡತಿ ಹಳೇ ಪರದೆ ಬಟ್ಟೆಯಿಂದ ಒಂದು ಗವಸು ಹೊಲಿದುಕೊಟ್ಟಿದ್ದಳು. ಹೊಲಿಗೆಯಲ್ಲಿ ಆಕೆ ಭಾರಿ ಕಟ್ಟುನಿಟ್ಟು. ಒಂದು ನೂಲು ಆಚೆ ಈಚೆ ಆದರೂ ಬಿಚ್ಚಿ ಮತ್ತೆ ಹೊಲಿಯುವವಳು. ಗವಸನ್ನು ಮೇಲಿಂದ ಎಳೆದರೆ ಸರ್ರನೆ ಇಳಿದು, ಅದರ ತುದಿ ನಳಿಗೆಯ ಬಾಯಿಗೆ ಸರಿಯಾಗಿ ಕೂತು ನಿಲ್ಲುತ್ತಿತ್ತು.

ಇಷ್ಟೆಲ್ಲ ಆರೈಕೆ ಮಾಡಿಸಿಕೊಂಡ ಬಂದೂಕು ಮಾತ್ರ ಒಂದು ಗೇಣು ಎಡಕ್ಕೆ ಹೊಡೆಯುತ್ತಿತ್ತು.

ಇದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಹೇಳಿದವನು ಅವನೇ. ಇನ್ನೊಬ್ಬನಾಗಿದ್ದರೆ ನಾಚಿಕೆಪಟ್ಟು ಮುಚ್ಚಿಡುತ್ತಿದ್ದ. ಇವನು ಅದನ್ನು ತನ್ನ ಹೆಗ್ಗಳಿಕೆ ಮಾಡಿಕೊಂಡಿದ್ದ. "ನೇರ ಹೊಡಿಯೋ ಬಂದೂಕಲ್ಲಿ ಗುರಿ ಇಡೋದು ಏನ್ ಮಹಾ? ಅದು ಯಾರ್ ಬೇಕಾದ್ರೂ ಮಾಡ್ತಾರೆ. ನಂದು ಜಾತೀನೇ ಬೇರೆ. ಅದರ ಮನಸ್ಸು ತಿಳ್ಕೊಂಡು ಒಂದು ಗೇಣು ಬಲಕ್ಕೆ ಇಡಬೇಕು," ಎನ್ನುತ್ತಿದ್ದ. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಹಾಗೇ ಗೇಣು ಬಲಕ್ಕೆ ಗುರಿ ಇಟ್ಟು, ಹಾಳೆಯ ನಟ್ಟನಡುವೆ ತೂತು ಮಾಡಿ ಬರುತ್ತಿದ್ದ. ಆ ಹಾಳೆಗಳಿಗೆಲ್ಲ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದ. ಮನೆಗೆ ಬಂದವರು ಚಹಾ ಕುಡಿಯುವುದಕ್ಕೆ ಮೊದಲು ತೂತು ನೋಡಬೇಕಿತ್ತು.

ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಜೀವ ಒಂದೇ ಒಂದು, ಅವನ ಮಾವ. ಹೆಂಡತಿಯ ಅಪ್ಪನಾದ ಆ ಮುದುಕ ಅದೇ ಮೃಗಾಲಯದಲ್ಲಿ ಕರಡಿ ನೋಡಿಕೊಳ್ಳುತ್ತಿದ್ದ. ಕರಡಿಗೂ ವಯಸ್ಸಾಗಿತ್ತು, ಹಲ್ಲು ಉದುರಿತ್ತು, ಒಂದು ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ಗೊಣಗಿಕೊಂಡು ಬದುಕಿದ್ದರು. ಅಳಿಯ ಎದುರು ಬಂದರೆ ಸಾಕು, ಮುದುಕನಿಗೆ ಹಬ್ಬ.

"ಏನು ಅಳಿಯದೇವರು, ಎಲ್ಲಿಗೆ ಹೊರಟ್ರಿ? ಬಂದೂಕಿಗೆ ಸ್ನಾನ ಆಯ್ತಾ? ತಲೆ ಬಾಚಿದ್ರಾ?"

"ಮಾವ, ನಗ್ಬೇಡಿ. ಒಂದಿನ ಈ ಬಂದೂಕೇ ನಿಮ್ಮ ಜೀವ ಉಳಿಸುತ್ತೆ."

"ಅಯ್ಯೋ ಬಿಡಪ್ಪಾ! ಅದು ನನ್ನ ಜೀವ ಉಳಿಸೋಕೆ ಹೋಗಿ ಪಕ್ಕದೋರ ಜೀವ ಉಳಿಸೀತು!"

ಹೀಗೇ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಹೊಸ ದೊಡ್ಡ ಸಾಹೇಬರು ವರ್ಗವಾಗಿ ಬಂದರು. ಬಂದ ದಿನವೇ ಗಡಿಯಾರ ನೋಡಿದರು, ಬಾಗಿಲು ತೆರೆಯುವ ಹೊತ್ತನ್ನು ಅರ್ಧ ಗಂಟೆ ಮುಂಚೆ ಮಾಡಿದರು, ಸೂಚನಾ ಫಲಕಕ್ಕೆ ಒಂದು ಚೀಟಿ ಅಂಟಿಸಿದರು. ಆಮೇಲೆ ಬಂದೂಕು ನೋಡಿದರು. ಸಾಹೇಬರು ಗುರಿ ಹೊಡೆಯುವುದರಲ್ಲಿ ಬಹುಮಾನದ ಕಪ್ ಗೆದ್ದವರಂತೆ. "ಹೊಳಪು ಚೆನ್ನಾಗಿದೆ. ಈ ಸಲ ಪರೀಕ್ಷೆಯಲ್ಲಿ ಮೊದಲು ನಾನೇ ಹೊಡೆದು ನೋಡ್ತೀನಿ," ಎಂದರು.

ಪಾಲೀಶಪ್ಪನ ಮುಖ ಸುಣ್ಣವಾಯಿತು. ಸಾಹೇಬರು ನೇರ ಗುರಿ ಇಡುತ್ತಾರೆ, ಗುಂಡು ಎಡಕ್ಕೆ ಹೋಗುತ್ತದೆ, ಇಷ್ಟು ವರ್ಷ ಉಜ್ಜಿದ್ದೇನು ಎಂದು ಕೇಳುತ್ತಾರೆ. ಅಂದೇ ಅವನ ಹೊಟ್ಟೆ ಕೆಟ್ಟಿತು. ರಜೆ ಹಾಕಿ ಮಲಗಿದ.

ಇಲ್ಲಿ ಅವನ ಭಾಮೈದ ಬರುತ್ತಾನೆ. ಹೆಂಡತಿಯ ತಮ್ಮ, ಮೃಗಾಲಯದ ಜೀಪಿನ ಡ್ರೈವರ್, ತುಂಬ ಒಳ್ಳೆಯ ಹುಡುಗ. ಇಂಥ ಒಳ್ಳೆಯವರಿಂದ ದೇವರೇ ಕಾಪಾಡಬೇಕು. ಭಾವ ಮಲಗಿದ್ದು ನೋಡಿ ಅವನಿಗೆ ಕರುಳು ಚುರ್ ಎಂದಿತು. ಅಕ್ಕನ ಹತ್ತಿರ ಹೋದ.

"ಅಕ್ಕಾ, ಭಾವನ ಬೀಗದ ಕೈ ಕೊಡು. ಅವರ ಕಷ್ಟ ಪರಿಹಾರ ಮಾಡ್ತೀನಿ. ಅವರಿಗೆ ಮಾತ್ರ ಹೇಳ್ಬೇಡ."

ಅಕ್ಕ ಕೊಟ್ಟಳು. ಯಾಕೆ ಏನು ಎಂದು ಕೇಳಲಿಲ್ಲ. ಒಡಹುಟ್ಟಿದ ತಮ್ಮ ಒಳ್ಳೇದು ಮಾಡುತ್ತೇನೆಂದರೆ ಯಾರು ತಾನೇ ವಿಚಾರಣೆ ಮಾಡುತ್ತಾರೆ?

ಅವನು ಮೃಗಾಲಯದ ಕಪಾಟಿನ ಬೀಗ ತೆಗೆದು, ಬಂದೂಕನ್ನು ಜೀಪಿನಲ್ಲಿ ಹಾಕಿಕೊಂಡು ಪೇಟೆಯ ಬಂದೂಕು ರಿಪೇರಿಯವನ ಹತ್ತಿರ ಒಯ್ದ. ರಿಪೇರಿಯವನು ನಳಿಗೆಯ ಬಾಯಿಗೆ ಬೆರಳಿಟ್ಟು ನೋಡಿ, "ಇದನ್ನ ಯಾರಪ್ಪಾ ಕೊಂದಿದ್ದು?" ಎಂದನಂತೆ. ಗುಂಡು ಹೊರಗೆ ಹೋಗುವಾಗ ಕೊನೆಯದಾಗಿ ಮುಟ್ಟುವುದು ನಳಿಗೆಯ ಬಾಯನ್ನು. ಆ ಬಾಯಿ ಸುತ್ತಲೂ ಒಂದೇ ಸಮ ಇರಬೇಕು. ದಿನಾ ಸರಳು ತೂರಿಸಿ ತೂರಿಸಿ ಪಾಲೀಶಪ್ಪ ಅದರ ಒಂದು ಪಕ್ಕವನ್ನು ಸವೆಸಿಬಿಟ್ಟಿದ್ದ. ಗುಂಡು ಹೊರಡುವ ಗಳಿಗೆಯಲ್ಲಿ ಯಾರೋ ಭುಜ ಹಿಡಿದು ನೂಕಿದಂತಾಗಿ ಎಡಕ್ಕೆ ಹೋಗುತ್ತಿತ್ತು. ಸಾಲದ್ದಕ್ಕೆ ಆ ವಾರ್ನಿಷ್ಷು. ಪದರದ ಮೇಲೆ ಪದರ ಬಳಿದು ಮರದ ಹಿಡಿ ನಳಿಗೆಗೆ ಒತ್ತಿಕೊಂಡು ಕೂತಿತ್ತು. ಹೊಡೆದಾಗ ನಳಿಗೆ ಅದುರುತ್ತದೆ, ಅದುರಲು ಅದಕ್ಕೆ ಜಾಗ ಬೇಕು, ಒಂದು ಕಾಗದ ಮರಕ್ಕೂ ನಳಿಗೆಗೂ ನಡುವೆ ಸಲೀಸಾಗಿ ಹಾದುಹೋಗಬೇಕು ಎಂದನಂತೆ. ಒಟ್ಟಿನಲ್ಲಿ ಬಂದೂಕು ಕೆಟ್ಟದ್ದು ಅವನ ಪ್ರೀತಿಯಿಂದಲೇ.

ರಿಪೇರಿಯವನು ಸವೆದ ಬಾಯನ್ನು ಹೆಬ್ಬೆರಳಗಲ ಕತ್ತರಿಸಿ ತೆಗೆದ, ಹೊಸ ಬಾಯನ್ನು ಸಮ ಮಾಡಿದ, ಮರವನ್ನು ಹೆರೆದ, ಗುರಿ ನೋಡುವ ಮೊನೆಯನ್ನು ಹಿಂದಕ್ಕೆ ಸರಿಸಿ ಕೂರಿಸಿದ. ಹೊಡೆದು ತೋರಿಸಿದ. ಗುಂಡು ಇಟ್ಟಲ್ಲಿಗೇ ಹೋಯಿತು. ಭಾಮೈದ ಅದನ್ನು ಗವಸಿನಲ್ಲಿ ಹಾಕಿ ಕಪಾಟಿಗೆ ಸೇರಿಸಿದ. ಭಾವನಿಗೆ ತಿಳಿಸುವುದೊಂದು ಬಾಕಿ. ಅದು ಸುಲಭವಲ್ಲ. "ಸರಳು ಕಡಿಮೆ ಹಾಕಿ" ಎಂದು ಹಿಂದೊಮ್ಮೆ ಯಾರೋ ಹೇಳಿದ್ದಕ್ಕೆ ಪಾಲೀಶಪ್ಪ ಅವರ ಜೊತೆ ಮಾತೇ ಬಿಟ್ಟಿದ್ದ. ಒಳ್ಳೇ ಸಮಯ ನೋಡಿ ಹೇಳೋಣ ಎಂದುಕೊಂಡ ಹುಡುಗ.

ಆ ಒಳ್ಳೇ ಸಮಯ ಬರಲೇ ಇಲ್ಲ.

ಮಾರನೇ ಬೆಳಿಗ್ಗೆ ಪಾಲೀಶಪ್ಪ ಹೊಟ್ಟೆ ಹಿಡಿದುಕೊಂಡೇ ಕೆಲಸಕ್ಕೆ ಬಂದ. ಅದೇ ದಿನ ಬಾಗಿಲು ಅರ್ಧ ಗಂಟೆ ಮುಂಚೆ ತೆರೆಯುವ ಹೊಸ ಪದ್ಧತಿ ಶುರು. ಮುದುಕ ದಿನಾ ಬೆಳಿಗ್ಗೆ, ಜನ ಬರುವುದಕ್ಕೆ ಮೊದಲು, ಕರಡಿಯನ್ನು ಹೊರಗೆ ಕರೆತಂದು ಬಿಸಿಲಿಗೆ ಕೂರಿಸುತ್ತಿದ್ದ. ಹೊಸ ಹೊತ್ತಿನ ವಿಷಯ ಅವನಿಗೆ ಯಾರೂ ಬಾಯಲ್ಲಿ ಹೇಳಿರಲಿಲ್ಲ. ಫಲಕದಲ್ಲಿ ಚೀಟಿ ಅಂಟಿಸಿದ್ದರಲ್ಲ, ಸಾಲದೇ? ಆ ಫಲಕವನ್ನು ಮುದುಕ ಜನ್ಮದಲ್ಲಿ ಓದಿದವನಲ್ಲ.

ನಾನು ಟಿಕೆಟ್ ಹರಿದುಕೊಟ್ಟ ಮೊದಲನೇ ಗುಂಪು ಶಾಲೆಯ ಮಕ್ಕಳದ್ದು. ಒಳಗೆ ಹೋದವರೇ ಚೀರುತ್ತ ವಾಪಸ್ ಓಡಿಬಂದರು. ಕರಡಿ ಪಂಜರದ ಹೊರಗೆ ಎರಡು ಕಾಲ ಮೇಲೆ ನಿಂತಿತ್ತು, ಒಂದು ಪಂಜ ಮುದುಕನ ಭುಜದ ಮೇಲಿತ್ತು. ಅದು ದಿನಾ ಹಾಗೇ ನಿಲ್ಲುವುದು. ಮುದುಕ ಅದರ ಕುತ್ತಿಗೆ ತುರಿಸಬೇಕು. ನಮಗೆ ಗೊತ್ತು. ಹೊಸ ಸಾಹೇಬರಿಗೆ ಹೇಗೆ ಗೊತ್ತಿರಬೇಕು?

"ಬಂದೂಕು! ಬಂದೂಕೆಲ್ಲಿ? ಮುದುಕನ್ನ ಸಿಗಿದು ಹಾಕ್ತಾ ಇದೆ!" ಎಂದು ಸಾಹೇಬರು ಕೂಗಿದರು.

ಪಾಲೀಶಪ್ಪ ಕಪಾಟು ತೆರೆದ, ಗವಸು ಕಿತ್ತು ಬಿಸಾಡಿದ, ತೋಟಾ ಹಾಕಿಕೊಂಡು ಓಡಿಬಂದ. ಅಷ್ಟು ವರ್ಷದಲ್ಲಿ ಅವನು ಕೆಲಸಕ್ಕೆ ಬಂದೂ ಬಂದೂಕು ಉಜ್ಜದ ಬೆಳಿಗ್ಗೆ ಅದೊಂದೇ, ಉಜ್ಜಿದ್ದರೆ ಕೈಗೆ ಗೊತ್ತಾಗುತ್ತಿತ್ತು. ನನ್ನ ಕಿಟಕಿಯ ಪಕ್ಕದಲ್ಲೇ ಮಂಡಿಯೂರಿದ. ಕರಡಿ ಎಡಗಡೆ, ಮಾವ ಬಲಗಡೆ, ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಮಾವ ಸಾಯುತ್ತಾನೆಂದು ಅವನಿಗೆ ನಿಜವಾಗಿ ಭಯವಾಗಿತ್ತು.

"ಹೊಡೀಬೇಡ್ರೋ! ಏನೂ ಮಾಡಲ್ಲ ಅದು!" ಎಂದು ಮುದುಕ ಅಲ್ಲಿಂದ ಕೂಗಿದ. ಆಮೇಲೆ ಬಂದೂಕು ಯಾರ ಕೈಯಲ್ಲಿದೆ ಎಂದು ನೋಡಿ ಅವನಿಗೆ ನಗು ಬಂತು. "ಓ, ನಮ್ಮ ಅಳಿಯದೇವರಾ? ಹೊಡೀಲಿ ಬಿಡಿ ಸ್ವಾಮಿ, ಹೊಡೀಲಿ! ಅವರದ್ದು ಯಾವತ್ತು ಯಾರಿಗೆ ತಗುಲಿದೆ?"

"ಹೊಡಿಯೋ!" ಎಂದರು ಸಾಹೇಬರು.

ಪಾಲೀಶಪ್ಪ ಉಸಿರು ಹಿಡಿದ. ಕರಡಿಯ ಎದೆ ನೋಡಿದ. ಅಲ್ಲಿಂದ ಗುರಿಯನ್ನು ಒಂದು ಗೇಣು ಬಲಕ್ಕೆ ಸರಿಸಿದ. ಒತ್ತಿದ.

ಮುದುಕ ನಗುತ್ತಲೇ ಕೂತ. ಕೂತವನು ಹಾಗೇ ಹಿಂದಕ್ಕೆ ವಾಲಿದ. ಕರಡಿಗೆ ಶಬ್ದವೆಂದರೆ ಮೊದಲಿಂದಲೂ ಹೆದರಿಕೆ, ಮುದುಕನ ಬೆನ್ನ ಹಿಂದೆ ಅವಿತುಕೊಳ್ಳಲು ನೋಡಿತು. ಅವಿತುಕೊಳ್ಳಲು ಬೆನ್ನು ಇರಲಿಲ್ಲ, ನೆಲದ ಮೇಲಿತ್ತು. ಸ್ವಲ್ಪ ಹೊತ್ತು ಅವನ ಅಂಗಿ ಮೂಸಿ, ತಾನಾಗಿಯೇ ಪಂಜರದೊಳಗೆ ಹೋಗಿ ಮೂಲೆಗೆ ಮುಖ ಮಾಡಿ ಕೂತಿತು.

ಸಂಜೆಯ ಹೊತ್ತಿಗೆ ಇನ್ಸ್‌ಪೆಕ್ಟರು ಬಂದು ಪಾಲೀಶಪ್ಪನನ್ನು ವಿಚಾರಿಸಿದರು. ಸಾಕ್ಷಿಯೆಂದು ನನ್ನನ್ನೂ ಕೂರಿಸಿದ್ದರು.

"ಗುರಿ ಇಟ್ಟಿದ್ದು ಯಾರಿಗೆ?"

"ಮಾವನಿಗೆ ಸಾರ್."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಏನಂದೆ?"

"ಮಾವನ ಎದೆಗೆ ಸಾರ್. ಸರಿಯಾಗಿ ಮಧ್ಯಕ್ಕೆ. ಅವರ ಜೀವ ಉಳಿಸೋಕೆ."

"ಜೀವ ಉಳಿಸೋಕೆ ಎದೆಗೆ ಗುರಿ ಇಟ್ಟೆ?"

"ಅವರಿಗೆ ಇಟ್ರೆ ತಾನೇ ಸಾರ್ ಕರಡಿಗೆ ತಗುಲೋದು? ಕರಡಿಗೆ ಇಟ್ಟಿದ್ರೆ ಪಕ್ಕದ ಕಂಬಕ್ಕೆ ತಗುಲಿರೋದು."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, "ಇವನಿಗೆ ತಲೆ ನೆಟ್ಟಗಿದೆಯಾ?" ಎಂದರು. ಇದೆ ಎನ್ನಲೋ ಇಲ್ಲ ಎನ್ನಲೋ ತಿಳಿಯದೆ ನಾನು ನೀರು ಕೇಳಿದೆ.

ಬೀದಿಯ ಜನರ ಬಾಯಿ ಕೇಳಬೇಕೇ? ಬಂದೂಕು ಎಡಕ್ಕೆ ಹೊಡೆಯುತ್ತದೆಂದು ಅಷ್ಟು ವರ್ಷ ಕೇಳಿ ನಕ್ಕವರೇ ಈಗ ಅದನ್ನು ಮರೆತುಬಿಟ್ಟರು. ಕ್ಷೌರದ ಅಂಗಡಿಯವನು ಕತ್ತರಿ ನಿಲ್ಲಿಸಿ, "ಮಾವ 'ಅಳಿಯದೇವರು' ಅಂದಾಗಲೆಲ್ಲ ಅವನ ಕಿವಿ ಕೆಂಪಗಾಗೋದು. ನಾನು ಕಿವಿ ನೋಡಿದವನಪ್ಪಾ, ನನಗೆ ಸುಳ್ಳು ಹೇಳೋಕಾಗಲ್ಲ," ಎಂದ. ಮೂಲೆಮನೆ ಅಜ್ಜಿ, "ಗೋಡೆ ತುಂಬ ತೂತು ತೂಗುಹಾಕ್ಕೊಂಡೋನು ಇನ್ನೇನ್ ಮಾಡ್ತಾನೆ?" ಎಂದಳು. ಮಾವ ಸತ್ತರೆ ಕರಡಿಯ ಕೆಲಸ ತನಗೆ ಸಿಗುತ್ತದೆಂದು ಹೊಡೆದ ಎಂದು ಇಸ್ತ್ರಿಯವನು ಲೆಕ್ಕ ಹಾಕಿದ. ಆ ಕೆಲಸಕ್ಕೆ ಯಾರು ಆಸೆಪಡುತ್ತಾರೋ ನಾನು ಕಾಣೆ.

ಪಾಲೀಶಪ್ಪ ಇದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಚಾರಣೆ ಮುಗಿಯುವವರೆಗೆ ಮನೆಗೆ ಕಳಿಸಿದ್ದರು, ಅವನಿಗೆ ಜೈಲಿನ ಯೋಚನೆಯೂ ಇದ್ದಂತಿರಲಿಲ್ಲ. ಹೆಂಡತಿ ತವರಿಗೆ ಹೋಗಿ ಕೂತಿದ್ದಳು. ತಂದೆಯನ್ನು ಮಣ್ಣು ಮಾಡುವಾಗ ಗಂಡನ ಕಡೆ ಒಂದು ಸಲ ಕೂಡ ತಿರುಗಿರಲಿಲ್ಲ. ಅದೊಂದೇ ಅವನನ್ನು ಕೊರೆಯುತ್ತಿತ್ತು. ದಿನಾ ನನ್ನ ಮನೆ ಜಗಲಿಗೆ ಬಂದು, "ಅವಳು ನಂಬಿದ್ರೆ ಸಾಕು ಕಣಯ್ಯಾ. ಉಳಿದೋರು ನೇಣಿಗೆ ಹಾಕ್ಲಿ," ಎನ್ನುತ್ತಿದ್ದ. ಬಾಗಿಲ ಮರೆಯಲ್ಲಿ ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಇನ್ನು ಆ ಭಾಮೈದ. ಅವನು ಎಲ್ಲವನ್ನೂ ಬಲ್ಲವನು. ಅವನು ಉಣ್ಣುವುದನ್ನು ಬಿಟ್ಟಿದ್ದ, ಮಾತು ಬಿಟ್ಟಿದ್ದ, ಜೀಪನ್ನು ಎರಡು ಸಲ ಗೋಡೆಗೆ ಗುದ್ದಿದ್ದ. ತಂದೆ ಸತ್ತ ದುಃಖ ಎಂದು ಎಲ್ಲರೂ ಅಯ್ಯೋ ಪಾಪ ಎಂದರು. ಹೇಳಿದರೆ ಅಕ್ಕನ ಮುಖ ಹೇಗೆ ನೋಡುವುದು, ಹೇಳದಿದ್ದರೆ ಭಾವನ ಮುಖ ಹೇಗೆ ನೋಡುವುದು ಎಂದು ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ವಿಚಾರಣೆ ಸಾಹೇಬರ ಕೋಣೆಯಲ್ಲಿ ನಡೆಯಿತು. ಸಾಹೇಬರು, ಇನ್ಸ್‌ಪೆಕ್ಟರು, ಮೇಲಿನ ಕಚೇರಿಯಿಂದ ಬಂದ ಒಬ್ಬ ತೂಕಡಿಸುವ ಅಧಿಕಾರಿ. ಗೋಡೆಯ ಪಕ್ಕ ನಾನು. ಬಾಗಿಲಲ್ಲಿ ಭಾಮೈದ. ಸತ್ತವನ ಮಗಳೆಂದು ಹೆಂಡತಿಯನ್ನೂ ಕರೆಸಿದ್ದರು. ಬಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಳು.

"ಎಡಕ್ಕೆ ಹೊಡೆಯುತ್ತೆ ಅಂತೀಯಲ್ಲ. ನಿನ್ನ ಮನೆಯಿಂದ ಈ ಹಾಳೆಗಳನ್ನ ತರಿಸಿದ್ದೀವಿ. ಎಲ್ಲಾ ತೂತೂ ಮಧ್ಯಕ್ಕೇ ಇದೆ," ಎಂದರು ಇನ್ಸ್‌ಪೆಕ್ಟರು.

"ಅದು ಬಂದೂಕಿನದ್ದಲ್ಲ ಸಾರ್, ನನ್ನ ಕೈಚಳಕ."

"ಮಾವನ ವಿಷಯದಲ್ಲೂ ಕೈಚಳಕವೇ?"

ಸಾಹೇಬರು ಎದ್ದರು. ಎಲ್ಲರನ್ನೂ ಹಿತ್ತಲಿನ ಮಣ್ಣುದಿಬ್ಬದ ಹತ್ತಿರ ಕರೆದೊಯ್ದು, ಹಾಳೆ ಸಿಕ್ಕಿಸಿ, ತಾವೇ ಹೊಡೆದರು. ಗುಂಡುಗಳೆಲ್ಲ ಒಂದು ಬಟ್ಟಲಿನಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ನಡುವೆಯೇ ಬಿದ್ದವು. ತೂಕಡಿಸುವ ಅಧಿಕಾರಿ ಕೂಡ ಎಚ್ಚರಗೊಂಡು ಭೇಷ್ ಎಂದರು. ಪಾಲೀಶಪ್ಪ ಹಾಳೆಯ ಹತ್ತಿರ ಹೋಗಿ ತೂತುಗಳ ಮೇಲೆ ಬೆರಳಾಡಿಸಿದ. ಸ್ವಂತ ಮಗ ಬೇರೆಯವರ ಪರ ಸಾಕ್ಷಿ ಹೇಳಿದಂತೆ ಅವನು ಬಂದೂಕನ್ನು ನೋಡಿದ.

"ಹಾಗಾದ್ರೆ ನಾನೇ ಕೊಂದಿರ್ಬೇಕು ಸಾರ್," ಎಂದ. "ಬಂದೂಕು ಸುಳ್ಳು ಹೇಳಲ್ಲ."

ಮುಗಿಯಿತಲ್ಲ. ಎಲ್ಲರೂ ಕೋಣೆಗೆ ವಾಪಸ್ ಬಂದರು. ಬಂದೂಕನ್ನು ಮುಚ್ಚಿಡು ಎಂದರು ಸಾಹೇಬರು. ಜವಾನ ಮೇಜಿನ ಮೇಲಿದ್ದ ಗವಸನ್ನು ಅದಕ್ಕೆ ತೊಡಿಸಿ ಗೋಡೆಗೆ ಒರಗಿಸಿದ. ಗವಸಿನ ತುದಿ ಬಾಡಿದ ಹಾಗೆ ಒಂದು ಪಕ್ಕಕ್ಕೆ ಜೋತುಬಿತ್ತು.

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಹೆಂಡತಿ ತಲೆ ಎತ್ತಿದಳು. ಎದ್ದು ಹೋಗಿ ಗವಸನ್ನು ಕೆಳಕ್ಕೆ ಜಗ್ಗಿದಳು. ತುದಿ ಮತ್ತೆ ಜೋತುಬಿತ್ತು. ಬೆರಳಿನಿಂದ ಹಿಸುಕಿ ನೋಡಿದಳು. ಒಳಗೆ ಹೆಬ್ಬೆರಳಗಲ ಖಾಲಿ.

"ನಾನು ಹೊಲಿದಿದ್ದು ಹೀಗಲ್ಲ," ಎಂದಳು. "ಬಂದೂಕು ಗಿಡ್ಡ ಆಗಿದೆ."

ಇನ್ಸ್‌ಪೆಕ್ಟರು ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಪಾಲೀಶಪ್ಪ! ತನ್ನ ಕೊರಳಿನ ಕುಣಿಕೆ ಬಿಚ್ಚುತ್ತಿದ್ದವಳ ಮೇಲೆಯೇ ರೇಗಿದ.

"ಏನ್ ಮಾತು ಅಂತ ಆಡ್ತೀಯ? ಬಂದೂಕು ಎಲ್ಲಾದ್ರೂ ಗಿಡ್ಡ ಆಗುತ್ತಾ? ನೀನೇ ಒಗೆದು ಹಿಗ್ಗಿಸಿದ್ದೀಯ. ಬಿಸಿನೀರಲ್ಲಿ ಒಗೀಬೇಡ ಅಂತ ಬಡ್ಕೊಂಡೆ!"

"ಬಿಸಿನೀರಿಗೆ ಬಟ್ಟೆ ಕುಗ್ಗುತ್ತೆ ಕಣ್ರೀ, ಹಿಗ್ಗಲ್ಲ! ಸ್ವಲ್ಪ ಬಾಯ್ ಮುಚ್ಕೊಂಡಿರಿ," ಎಂದಳು ಆಕೆ. ತಂದೆ ಸತ್ತ ಮೇಲೆ ಗಂಡನ ಜೊತೆ ಆಡಿದ ಮೊದಲ ಮಾತು ಅದು. ಬೈಸಿಕೊಂಡವನ ಮುಖ ಅರಳಿದ್ದನ್ನು ನಾನು ಅಂದೇ ನೋಡಿದ್ದು.

ಸಾಹೇಬರು ಗವಸು ತೆಗೆದು ನಳಿಗೆಯ ಬಾಯನ್ನು ಬೆಳಕಿಗೆ ಹಿಡಿದರು. ಅವರ ಹುಬ್ಬು ಗಂಟಾಯಿತು. "ಇದು ಹೊಸದಾಗಿ ಕತ್ತರಿಸಿದ ಬಾಯಿ. ಯಾರು ಮಾಡಿದ್ದು ಇದನ್ನ?"

ಆಕೆ ಬಾಗಿಲ ಕಡೆ ನೋಡಲಿಲ್ಲ. ಯಾರೆಂದು ಆಕೆಗೆ ತಿಳಿದುಹೋಗಿತ್ತು. ಗವಸನ್ನು ಕೈಯಲ್ಲಿ ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ನಿಂತಳು. ಒಂದು ಮಾತಾಡಿದರೆ ಗಂಡ ಉಳಿಯುತ್ತಾನೆ, ತಮ್ಮ ಹೋಗುತ್ತಾನೆ. ಸುಮ್ಮನಿದ್ದರೆ ತಮ್ಮ ಉಳಿಯುತ್ತಾನೆ.

"ಬೀಗದ ಕೈ ಕೊಟ್ಟವಳು ನಾನು," ಎಂದಳು.

ಬಾಗಿಲಲ್ಲಿದ್ದ ಹುಡುಗ ಗೊಳೋ ಎಂದು ಅತ್ತುಬಿಟ್ಟ. "ಕತ್ತರಿಸಿದ್ದು ನಾನು ಸಾರ್! ರಿಪೇರಿಯವನ ಹತ್ರ ನಾನೇ ಒಯ್ದಿದ್ದು. ನೇರ ಹೊಡೀಲಿ ಅಂತ. ಭಾವನ ಮರ್ಯಾದೆ ಉಳೀಲಿ ಅಂತ. ಅಪ್ಪನಾಣೆಗೂ ಒಳ್ಳೇದಕ್ಕೇ ಮಾಡಿದ್ದು ಅಕ್ಕಾ..."

ಸಾಹೇಬರು ಇನ್ನೂ ಆ ನಳಿಗೆಯ ಬಾಯನ್ನೇ ನೋಡುತ್ತ, "ಕೆಲಸ ಮಾತ್ರ ಅಚ್ಚುಕಟ್ಟಾಗಿದೆ. ಯಾರವನು ರಿಪೇರಿಯವನು? ಎಲ್ಲಿದೆ ಅವನ ಅಂಗಡಿ?" ಎಂದು ಕೇಳಿದರು. ದೊಡ್ಡವರಿಗೆ ಯಾವ ಹೊತ್ತಿನಲ್ಲಿ ಏನು ಕೇಳಬೇಕೆಂದು ಯಾರು ಕಲಿಸುತ್ತಾರೋ!

ಆಕಸ್ಮಿಕ ಎಂದು ತೀರ್ಮಾನವಾಯಿತು. ಹುಡುಗನ ಕೆಲಸ ಹೋಯಿತು. ಈಗ ಬೇರೆ ಊರಲ್ಲಿ ಲಾರಿ ಓಡಿಸುತ್ತಾನೆ. ವರ್ಷಕ್ಕೊಮ್ಮೆ ಅಕ್ಕನ ಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಆಕೆ ಒಳಗೆ ಕರೆದು ಬಡಿಸುತ್ತಾಳೆ. ಮಾತಾಡುವುದಿಲ್ಲ. ಅವನು ಉಂಡು ಹೋಗುತ್ತಾನೆ. ನಡುಮನೆಯ ಹಾಳೆಗಳನ್ನು ಇಳಿಸಿದ್ದಾರೆ, ಚೌಕಟ್ಟಿನ ಗುರುತು ಮಾತ್ರ ಗೋಡೆಯಲ್ಲಿ ಉಳಿದಿದೆ. ಬಂದೂಕು ಹೊಸ ಕಾವಲುಗಾರನ ಕೈಗೆ ಹೋಯಿತು; ಅವನು ಅದನ್ನು ಉಜ್ಜುವುದೂ ಇಲ್ಲ, ಅದು ಗುರಿ ತಪ್ಪುವುದೂ ಇಲ್ಲ.

ಪಾಲೀಶಪ್ಪನಿಗೆ ಕೊಟ್ಟದ್ದು ಕರಡಿಯ ಕೆಲಸ. ಬೇರೆ ಯಾರೂ ಒಪ್ಪಲಿಲ್ಲ. ಇಸ್ತ್ರಿಯವನು, "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಇವತ್ತಿಗೂ ಬೀಗುತ್ತಾನೆ.

ಮೊನ್ನೆ ಬಾಗಿಲು ತೆರೆಯುವುದಕ್ಕೆ ಮೊದಲು ಆ ಕಡೆ ಹೋಗಿದ್ದೆ. ಪಾಲೀಶಪ್ಪ ಕರಡಿಯ ಮುಂದೆ ರೊಟ್ಟಿ ಹಿಡಿದು ಕೂತಿದ್ದ. ಕರಡಿ ಅವನನ್ನು ದಾಟಿ, ತನ್ನ ಒಂದೇ ಕಣ್ಣಿನಿಂದ ಬಾಗಿಲ ಕಡೆ ನೋಡುತ್ತಿತ್ತು. ದಿನಾ ಹಾಗೇ ನೋಡುತ್ತದಂತೆ. ಬಾಗಿಲು ಕಾಣಲಿ ಎಂದು ಅವನು ಸ್ವಲ್ಪ ಪಕ್ಕಕ್ಕೆ ಸರಿದು ಕೂತಿದ್ದ.

"ತಿನ್ನುತ್ತಾ?" ಎಂದೆ.

"ತಿನ್ನುತ್ತೆ. ಸ್ವಲ್ಪ ಹೊತ್ತು ಕಾಯುತ್ತೆ, ಯಾರೂ ಬರಲ್ಲ ಅಂತ ಗೊತ್ತಾದ್ಮೇಲೆ ತಿನ್ನುತ್ತೆ." ರೊಟ್ಟಿಯನ್ನು ಇನ್ನಷ್ಟು ಸಣ್ಣಗೆ ಮುರಿದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ:

"ಎಷ್ಟು ವರ್ಷ ಎಡಕ್ಕೆ ಹೊಡೀತು ನೋಡಯ್ಯಾ ಅದು. ಒಬ್ಬರಿಗೂ ತೊಂದರೆ ಆಗಿರ್ಲಿಲ್ಲ."